ಬೆಂಗಳೂರಿಗೆ ಹೋಗುವ ಮಲೆನಾಡಿನವರಿಗೆ: ಕಛೇರಿ, ನಾಟಕ, ಸಿನಿಮಾ, ಸೀರೆಪೇಟೆ, ರಾತ್ರಿ ತಿರುಗಾಟ

"ಬೆಂಗಳೂರಿಗೆ ಹೋಗ್ತಾ ಇದ್ದೀವಿ. ಲಾಲ್‌ಬಾಗ್, ವಿಧಾನಸೌಧ, ಮಾಲ್ ಎಲ್ಲ ನೋಡಿ ಆಗಿದೆ. ಇನ್ನೇನು ನೋಡೋದು?" ಸಾಗರ, ತೀರ್ಥಹಳ್ಳಿ, ಹೊಸನಗರ, ಶಿವಮೊಗ್ಗದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಮಗನ ಮನೆಗೋ, ಆಸ್ಪತ್ರೆಗೋ, ನೆಂಟರ ಮದುವೆಗೋ ನಾವೆಲ್ಲ ವರ್ಷಕ್ಕೆ ಒಂದೆರಡು ಸಲ ಹೋಗಿಯೇ ಹೋಗುತ್ತೇವೆ. ಆದರೆ ಅಲ್ಲಿನ ಒಳ್ಳೆಯ ಕಛೇರಿ, ನಾಟಕ, ಅಭಿಮಾನಿಗಳ ಗದ್ದಲದ ನಡುವೆ ನೋಡುವ ಹೊಸ ಸಿನಿಮಾ, ಪೇಟೆಯ ಸೀರೆ ಅಂಗಡಿ, ರಾತ್ರಿ ಹತ್ತರ ನಂತರದ ಊರು ಯಾವುದೂ ಕಣ್ಣಿಗೆ ಬೀಳದೆ ವಾಪಸ್ ಬರುತ್ತೇವೆ.

ಇದಕ್ಕೆ ಕಾರಣ ಎರಡು. ಹಗಲಿಡೀ ಸುತ್ತಿ, ಸಂಜೆ ಸುಸ್ತಾಗಿ ಮನೆ ಸೇರುತ್ತೇವೆ. ಬೆಂಗಳೂರಿನಲ್ಲಿ ಇವೆಲ್ಲ ಶುರುವಾಗುವುದೇ ಸಂಜೆ ಆರರ ಮೇಲೆ. ಇನ್ನೊಂದು, ಒಂದೇ ಸಂಜೆಯಲ್ಲಿ ಊರಿನ ಎರಡು ತುದಿ ಮುಟ್ಟಲು ಹೊರಡುತ್ತೇವೆ. ಮಲ್ಲೇಶ್ವರದಲ್ಲಿ ಕಾಫಿ ಕುಡಿದು ಇಂದಿರಾನಗರದಲ್ಲಿ ಹಾಡು ಕೇಳೋಣ ಅಂದರೆ ಸಂಜೆ ಪೂರ್ತಿ ರಸ್ತೆಯಲ್ಲೇ ಕಳೆಯುತ್ತದೆ.

ಅದಕ್ಕೇ ನನ್ನ ಸಲಹೆ ಮುಖ್ಯವಾಗಿ ಒಂದೇ: ಒಂದು ಸಂಜೆಗೆ ಒಂದೇ ಬಡಾವಣೆ, ಅಲ್ಲಿ ಒಂದೇ ಕಾರ್ಯಕ್ರಮ. ಊಟ, ಅಂಗಡಿ, ಓಡಾಟ ಎಲ್ಲ ಅದರ ಸುತ್ತಮುತ್ತ ಇರಲಿ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಎರಡು ರಾತ್ರಿ, ಎರಡು ಪೂರ್ತಿ ಸಂಜೆ. ಯುಪಿಐ ಇರುವ ಫೋನು, ಜೊತೆಗೊಂದು ಪವರ್ ಬ್ಯಾಂಕ್. ಹುಟ್ಟಿದ ದಿನಾಂಕ ಇರುವ ಗುರುತಿನ ಚೀಟಿ. ತೆಳುವಾದ ಸ್ವೆಟರ್ ಅಥವಾ ಶಾಲು, ಯಾಕೆಂದರೆ ಸಭಾಂಗಣಗಳ ಎಸಿಯಲ್ಲಿ ಮೂರು ಗಂಟೆ ಕೂತರೆ ಆಗುಂಬೆಯವರಿಗೂ ಚಳಿ ಹಿಡಿಯುತ್ತದೆ. ನಡೆಯಲು ಆರಾಮಾದ ಮುಚ್ಚಿದ ಶೂ. ಮೆಟ್ರೋ ಕಾರ್ಡ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫೋನಿನಲ್ಲೇ ಕ್ಯೂಆರ್ ಟಿಕೆಟ್ ತೆಗೆಯಬಹುದು.

ಇನ್ನು ಒಂದೊಂದಾಗಿ ನೋಡೋಣ.

1. ಮೊದಲು ಕಾರ್ಯಕ್ರಮ, ಆಮೇಲೆ ತಾರೀಖು

ನಮ್ಮಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. ಟಿಕೆಟ್ ಮಾಡಿಸಿ, ಊರು ತಲುಪಿ, ಆಮೇಲೆ "ಇವತ್ತು ಏನಿದೆ?" ಎಂದು ಹುಡುಕುತ್ತಾರೆ. ಆ ಹೊತ್ತಿಗೆ ಒಳ್ಳೆಯದೆಲ್ಲ ಹೌಸ್‌ಫುಲ್.

ಬೆಂಗಳೂರಿನ ಕಾರ್ಯಕ್ರಮಗಳಿಗೂ ಋತುವಿದೆ. ಅದನ್ನು ನಿಮ್ಮ ತೋಟದ ಕೆಲಸದ ಜೊತೆ ಹೊಂದಿಸಿಕೊಳ್ಳಿ.

ಯುಗಾದಿ ಕಳೆಯುತ್ತಿದ್ದಂತೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆ ಮೈದಾನದಲ್ಲಿ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಶುರು. 1939ರಲ್ಲಿ ಆರಂಭವಾದದ್ದು. ಸುಮಾರು ಒಂದು ತಿಂಗಳು ದೇಶದ ದೊಡ್ಡ ದೊಡ್ಡ ಗಾಯಕರು ಬಂದು ಹಾಡುತ್ತಾರೆ. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದಿರುವ ಹೊತ್ತು. ನನ್ನನ್ನು ಕೇಳಿದರೆ ಮಲೆನಾಡಿನವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಅದೇ ಸುಮಾರಿಗೆ ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರು ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ ಹೊರಡುವುದು ನಡುರಾತ್ರಿ ದಾಟಿದ ಮೇಲೆ. ಬೆಳಗಾಗುವ ತನಕ ಹಳೆಯ ಪೇಟೆ ಮಲಗುವುದಿಲ್ಲ. ಬೆಂಗಳೂರಿನ ರಾತ್ರಿ ಬದುಕು ಎಂದರೆ ಪಬ್ ಮಾತ್ರ ಅಂದುಕೊಂಡವರು ಇದನ್ನು ಒಮ್ಮೆ ನೋಡಬೇಕು.

ಮಳೆಗಾಲದಲ್ಲಿ ನಮ್ಮ ಕಡೆ ಮೇಳಗಳು ಗೆಜ್ಜೆ ಬಿಚ್ಚಿಡುತ್ತವಲ್ಲ, ಆಗ ಕಲಾವಿದರು ಬೆಂಗಳೂರಿಗೆ ಬರುತ್ತಾರೆ. ರವೀಂದ್ರ ಕಲಾಕ್ಷೇತ್ರದಲ್ಲಿ ಇಡೀ ರಾತ್ರಿ ಯಕ್ಷಗಾನ ನಡೆಯುತ್ತದೆ. ಊರಿನಲ್ಲಿ ಆಟ ಇಲ್ಲದ ತಿಂಗಳಲ್ಲಿ ಆಟ ಬೇಕೆನಿಸಿದರೆ ಹೋಗಿ. ಗಣೇಶನ ಹಬ್ಬದ ದಿನಗಳಲ್ಲಿ ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನದಲ್ಲಿ ಸುಗಮ ಸಂಗೀತ, ಸಿನಿಮಾ ಹಾಡು, ಬ್ಯಾಂಡು ಎಲ್ಲ ಇರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಅದೇ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ.

ದಿನದಿನದ ಕಾರ್ಯಕ್ರಮ ತಿಳಿಯಲು ಮೂರು ದಾರಿ ಇವೆ. ಬುಕ್‌ಮೈಶೋದಂಥ ಟಿಕೆಟ್ ಆ್ಯಪ್, ಸಭಾಂಗಣಗಳ ಸ್ವಂತ ಜಾಲತಾಣ, ಕನ್ನಡ ಪತ್ರಿಕೆಗಳ ಬೆಂಗಳೂರು ಆವೃತ್ತಿಯಲ್ಲಿ ಬರುವ ನಗರದ ಕಾರ್ಯಕ್ರಮ ಪಟ್ಟಿ. ಮೂರನೆಯದನ್ನು ಯಾರೂ ನೋಡುವುದಿಲ್ಲ. ಉಚಿತ ಕಾರ್ಯಕ್ರಮಗಳು ಸಿಗುವುದು ಮಾತ್ರ ಅಲ್ಲೇ ಜಾಸ್ತಿ.

ಎಚ್ಚರಿಕೆ: ಹೌಸ್‌ಫುಲ್ ಆದ ದೊಡ್ಡ ಶೋಗಳ ಟಿಕೆಟನ್ನು "ನಂಗೆ ಬರೋಕಾಗ್ತಿಲ್ಲ, ಕಮ್ಮಿಗೆ ಕೊಡ್ತೀನಿ" ಎಂದು ಮಾರುವವರು ಇರುತ್ತಾರೆ. ಕ್ಯೂಆರ್ ಕೋಡಿನ ಫೋಟೋ ಕಳಿಸಿ ದುಡ್ಡು ಹಾಕಿಸಿಕೊಳ್ಳುತ್ತಾರೆ. ಅದೇ ಕೋಡನ್ನು ಹತ್ತು ಜನಕ್ಕೆ ಕೊಟ್ಟಿರಬಹುದು. ಬಾಗಿಲಲ್ಲಿ ಮೊದಲು ತೋರಿಸಿದವರಿಗೆ ಮಾತ್ರ ಪ್ರವೇಶ.

2. ಪ್ರಯಾಣ

ತಾಳಗುಪ್ಪದಿಂದ ಹೊರಟು ಸಾಗರ, ಶಿವಮೊಗ್ಗ, ಭದ್ರಾವತಿ ಮೇಲೆ ಬೆಂಗಳೂರು ದಾಟಿ ಮೈಸೂರಿಗೆ ಹೋಗುವ ರಾತ್ರಿ ರೈಲು ಇದೆಯಲ್ಲ, ಈ ತಿರುಗಾಟಕ್ಕೆ ಅದೇ ಒಳ್ಳೆಯದು. ಹೋಟೆಲಿನ ಒಂದು ರಾತ್ರಿಯ ಬಾಡಿಗೆ ಉಳಿಯುತ್ತದೆ, ಹಗಲೂ ಉಳಿಯುತ್ತದೆ. ರೈಲ್ವೆ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಹಬ್ಬ, ಸಾಲು ರಜೆ ಇದ್ದರೆ ಮೊದಲ ದಿನವೇ ಮಾಡಿಸಿ. ರೈಲು ಸಿಗದಿದ್ದರೆ ಸ್ಲೀಪರ್ ಬಸ್ಸುಗಳು ಧಾರಾಳವಾಗಿವೆ.

ಉಳಿಯುವ ಜಾಗ ಆರಿಸುವಾಗ ಒಂದೇ ಲೆಕ್ಕ ಸಾಕು. ಮೆಟ್ರೋ ಹಸಿರು ಮಾರ್ಗದ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಇರಬೇಕು. ಯಶವಂತಪುರ, ಮಲ್ಲೇಶ್ವರದ ಸಂಪಿಗೆ ರಸ್ತೆ, ಮೆಜೆಸ್ಟಿಕ್, ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಜಯನಗರ, ಬನಶಂಕರಿ ಎಲ್ಲ ಇದೇ ಮಾರ್ಗದಲ್ಲಿವೆ. ಎಂ.ಜಿ. ರಸ್ತೆ, ಇಂದಿರಾನಗರ ಕಡೆ ಹೋಗಬೇಕಾದರೆ ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯುವುದು.

3. ಬೆಳಗಿನ ಜಾವ ಇಳಿದವರು ಏನು ಮಾಡಬೇಕು?

ರೈಲಾಗಲಿ ಬಸ್ಸಾಗಲಿ, ನಮ್ಮನ್ನು ಕತ್ತಲಿರುವಾಗಲೇ ಇಳಿಸುತ್ತದೆ. ಹೋಟೆಲ್ ಕೊಠಡಿ ಸಿಗಲು ಇನ್ನೂ ಹೊತ್ತಿದೆ. ಎಲ್ಲರೂ ಪ್ಲಾಟ್‌ಫಾರಂ ಬೆಂಚಿನಲ್ಲಿ ತೂಕಡಿಸುತ್ತಾರೆ. ನೀವು ಬ್ಯಾಗನ್ನು ನಿಲ್ದಾಣದ ಕ್ಲೋಕ್ ರೂಮಿನಲ್ಲಿ, ಅಂದರೆ ಸಾಮಾನು ಇಟ್ಟು ಚೀಟಿ ಪಡೆಯುವ ಕೊಠಡಿಯಲ್ಲಿ ಬಿಟ್ಟು ಕೆ.ಆರ್. ಮಾರುಕಟ್ಟೆಗೆ ಹೋಗಿ.

ಆ ಹೊತ್ತಿಗೆ ಹೂವಿನ ವ್ಯಾಪಾರ ಭರಾಟೆಯಲ್ಲಿರುತ್ತದೆ. ಚೆಂಡುಹೂವಿನ ರಾಶಿ ಸೊಂಟದ ಎತ್ತರಕ್ಕೆ. ಮಲ್ಲಿಗೆ, ಕನಕಾಂಬರ ತಕ್ಕಡಿಗೆ ಬೀಳುತ್ತಲೇ ಇರುತ್ತವೆ. ತಲೆಯ ಮೇಲೆ ಮೂಟೆ ಹೊತ್ತವರು "ದಾರಿ, ದಾರಿ" ಎಂದು ಕೂಗುತ್ತಾ ನುಗ್ಗುತ್ತಾರೆ. ಕಾಲ ಕೆಳಗೆ ದಂಟು, ನೀರು, ಕೆಸರು. ಚಪ್ಪಲಿಯಲ್ಲಿ ಹೋದರೆ ಜಾರುತ್ತದೆ, ಶೂ ಹಾಕಿರಿ. ಮೊದಲ ಮಹಡಿಯ ಕಟ್ಟೆಯಿಂದ ಕೆಳಗೆ ನೋಡಿದರೆ ಇಡೀ ಸಂತೆ ಕಾಣುತ್ತದೆ. ಫೋಟೋ ತೆಗೆಯುವುದಾದರೆ ಅಲ್ಲಿಂದ ತೆಗೆಯಿರಿ. ದಾರಿ ನಡುವೆ ನಿಂತರೆ ಹೊರೆ ಹೊತ್ತವರಿಗೆ ತೊಂದರೆ.

ಮೆಟ್ರೋ ಸಾಮಾನ್ಯವಾಗಿ ಬೆಳಗ್ಗೆ 5ಕ್ಕೆ ಶುರುವಾಗುತ್ತದೆ. ಭಾನುವಾರ ಮಾತ್ರ 7ಕ್ಕೆ. ಇದು ಗೊತ್ತಿಲ್ಲದೆ ಭಾನುವಾರ ಬೆಳಗ್ಗೆ ಮುಚ್ಚಿದ ಬಾಗಿಲ ಮುಂದೆ ಕಾಯುವವರು ಬಹಳ. ಅದಕ್ಕಿಂತ ಮುಂಚೆ ಹೋಗುವುದಾದರೆ ಆಟೋ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಮೀಟರ್ ಮೇಲೆ ಒಂದೂವರೆ ಪಟ್ಟು ಕೊಡಬೇಕು, ಅದು ನಿಯಮ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ರೂಪಾಯಿ ದರ ಇದೆ. ಈ ಲೆಕ್ಕ ತಲೆಯಲ್ಲಿದ್ದರೆ ನಿಲ್ದಾಣದ ಹೊರಗೆ "ಐನೂರು ಕೊಡಿ" ಅಂದವರ ಜೊತೆ ಮಾತಾಡಲು ಧೈರ್ಯ ಬರುತ್ತದೆ. ನಮ್ಮ ಯಾತ್ರಿ ಆ್ಯಪಿನಲ್ಲಿ ಕರೆದರೆ ಚೌಕಾಸಿಯೇ ಬೇಡ.

4. ಸಂಗೀತ

ಮೊದಲ ಸಲ ಹೋಗುವವರು ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣದ ಸುತ್ತಮುತ್ತ ಒಂದು ಸಂಜೆ ಇಟ್ಟುಕೊಳ್ಳಿ. ಕೃಷ್ಣರಾಜೇಂದ್ರ ರಸ್ತೆಯಲ್ಲಿ ಬೆಂಗಳೂರು ಗಾಯನ ಸಮಾಜ ಇದೆ. 1905ರಲ್ಲಿ ಹುಟ್ಟಿದ್ದು, ಇವತ್ತಿಗೂ ಕಛೇರಿಗಳು ನಡೆಯುತ್ತಿವೆ. ಬಸವನಗುಡಿಯಲ್ಲಿ 1945ರಿಂದ ಇರುವ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ ಸಂಜೆ ಹಾಡು, ನೃತ್ಯ, ಉಪನ್ಯಾಸ ಇರುತ್ತದೆ, ದುಡ್ಡಿಲ್ಲ. ಕಛೇರಿ ಮುಗಿಸಿ ನಡೆದರೆ ವಿ.ವಿ. ಪುರದ ತಿಂಡಿ ಬೀದಿ. ಮೂರೂ ಒಂದೇ ಕಡೆ ಸಿಗುವುದರಿಂದಲೇ ಈ ಬಡಾವಣೆ ಹೇಳುತ್ತಿದ್ದೇನೆ.

ಕರ್ನಾಟಕ ಸಂಗೀತ ಅಷ್ಟಾಗಿ ಗೊತ್ತಿಲ್ಲ, ಹೋಗಬಹುದಾ ಎಂದು ಕೇಳುತ್ತಾರೆ. ಖಂಡಿತ ಹೋಗಬಹುದು. ಮತ್ತೂರು, ಹೊಸಹಳ್ಳಿ ಕಡೆ ಗಮಕ, ಅಂದರೆ ರಾಗವಾಗಿ ಓದುವ ಕಾವ್ಯ, ಕೇಳಿದವರಿಗೆ, ರಾತ್ರಿಯೆಲ್ಲ ಭಾಗವತರ ಪದ್ಯ ಕೇಳಿದವರಿಗೆ ಕಿವಿ ಆಗಲೇ ತಯಾರಾಗಿದೆ. ಎರಡು ಮೂರು ಮಾತು ತಿಳಿದಿದ್ದರೆ ಸಾಕು. ಆಲಾಪನೆ ಎಂದರೆ ಸಾಹಿತ್ಯ, ತಾಳ ಇಲ್ಲದೆ ರಾಗವನ್ನು ನಿಧಾನವಾಗಿ ಬಿಡಿಸಿ ತೋರಿಸುವುದು. ರಾಗ ತಾನ ಪಲ್ಲವಿ ಎಂದರೆ ಮೊದಲು ರಾಗ, ತಾನ ಹಾಡಿ, ಆಮೇಲೆ ಒಂದೇ ಸಾಲನ್ನು ಹಿಡಿದು ತಾಳ, ಲಯದ ಲೆಕ್ಕಾಚಾರದಲ್ಲಿ ಬೆಳೆಸುವ ದೊಡ್ಡ ಭಾಗ. ತನಿ ಆವರ್ತನ ಎಂದರೆ ಮೃದಂಗ, ಘಟ, ಖಂಜಿರದವರು ಮಾತ್ರ ನುಡಿಸುವ ಹೊತ್ತು.

ಈ ತನಿ ಆವರ್ತನದಲ್ಲೇ ಬಹಳ ಜನ ಕಾಫಿಗೆ ಏಳುತ್ತಾರೆ. ದಯವಿಟ್ಟು ಏಳಬೇಡಿ. ಅಷ್ಟು ಹೊತ್ತು ಹಾಡಿಗೆ ಹೆಗಲು ಕೊಟ್ಟ ಮೃದಂಗದವರಿಗೆ ಸಿಗುವುದು ಅದೊಂದೇ ಅವಕಾಶ. ಅವರು ನುಡಿಸುವಾಗ ಗಾಯಕರ ಕೈ ನೋಡಿ. ತೊಡೆಯ ಮೇಲೆ ತಾಳ ಹಾಕುತ್ತಾ ಎಲ್ಲೂ ತಪ್ಪದೆ ಕಾಯುತ್ತಿರುತ್ತಾರೆ. ಮೃದಂಗದವರು ಮುಕ್ತಾಯದ ಹೊಡೆತ ಮೂರು ಸಲ ತಂದು ನಿಲ್ಲಿಸಿದ ಕೂಡಲೇ ಪಲ್ಲವಿ ಅದೇ ಜಾಗಕ್ಕೆ ಬಂದು ಕೂರುತ್ತದೆ. ಆ ಕ್ಷಣ ಸಭೆಯೆಲ್ಲ ಒಟ್ಟಿಗೆ ಉಸಿರು ಬಿಡುತ್ತದೆ, ಚಂಡೆ ಕೇಳಿ ಬೆಳೆದ ನಮಗೆ ಅದು ತಟ್ಟನೆ ತಿಳಿಯುತ್ತದೆ.

ರಾಮನವಮಿ ಉತ್ಸವಕ್ಕೆ ಹೋಗುವವರು ಕೆ.ಆರ್. ಮಾರುಕಟ್ಟೆ ಮೆಟ್ರೋದಲ್ಲಿ ಇಳಿಯಿರಿ. ಮಲ್ಲೇಶ್ವರದ ಕಡೆ ಚೌಡಯ್ಯ ಸ್ಮಾರಕ ಭವನ ಇದೆ. ಏಳು ತಂತಿಯ ಪಿಟೀಲು ನುಡಿಸಿದ ಟಿ. ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಕಟ್ಟಿದ್ದು, 1980ರಲ್ಲಿ ತೆರೆಯಿತು. ಮಕ್ಕಳು ಜೊತೆಗಿದ್ದರೆ ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯೆನ್ಸ್ ಎಂಬ ಸಂಗೀತ ವಸ್ತುಸಂಗ್ರಹಾಲಯಕ್ಕೆ ಹಗಲು ಹೊತ್ತು ಹೋಗಿ. ಹೊರಗಿನ ಅಂಗಳದಲ್ಲಿ ಕಲ್ಲು, ಲೋಹದ ವಾದ್ಯಗಳನ್ನು ಮಕ್ಕಳೇ ಬಡಿದು ನೋಡಬಹುದು. ಸೋಮವಾರ ರಜೆ.

ಇನ್ನು ರಾಕ್, ಬ್ಯಾಂಡು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದ ಊರಿದು. ರಘು ದೀಕ್ಷಿತ್ ತಂಡ, ಸ್ವರಾತ್ಮ ತಂಡ ಬೆಳೆದದ್ದೂ ಇಲ್ಲೇ. ಕನ್ನಡದಲ್ಲಿ ಹಾಡುವ ಬ್ಯಾಂಡ್ ಇದ್ದರೆ ಅದನ್ನೇ ಮೊದಲು ಆರಿಸಿ, ಪದ ತಿಳಿದರೆ ಕೇಳುವ ಖುಷಿಯೇ ಬೇರೆ. ದೊಡ್ಡ ಮೈದಾನದ ಶೋ ಆದರೆ ಬ್ಯಾಗು, ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ. ಸಾವಿರಾರು ಜನ ಸೇರಿದಾಗ ನೆಟ್‌ವರ್ಕ್ ಸಿಗದು. ಟಿಕೆಟಿನ ಸ್ಕ್ರೀನ್‌ಶಾಟ್ ಮೊದಲೇ ತೆಗೆದಿಡಿ. ಜೊತೆಯವರು ತಪ್ಪಿಸಿಕೊಂಡರೆ ಎಲ್ಲಿ ಸೇರುವುದು ಎಂದು ಗೇಟಿನ ಹೊರಗೇ ಮಾತಾಡಿಕೊಳ್ಳಿ.

5. ನಾಟಕ

ಹೆಗ್ಗೋಡಿನ ನೀನಾಸಂ ತಂಡದ ತಿರುಗಾಟದ ನಾಟಕ ನೋಡಿ ಬೆಳೆದ ನಮಗೆ ಬೆಂಗಳೂರಿನ ನಾಟಕಗಳು ಹೊಸದಲ್ಲ. ಆದರೂ ಜೆ.ಪಿ. ನಗರ ಎರಡನೇ ಹಂತದ ರಂಗಶಂಕರದಲ್ಲಿ ಒಂದು ನಾಟಕ ನೋಡಲೇಬೇಕು. ಶಂಕರ್ ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಮುಂದೆ ನಿಂತು ಕಟ್ಟಿಸಿದ ರಂಗಮಂದಿರ, 2004ರಲ್ಲಿ ತೆರೆಯಿತು. ಸೋಮವಾರ ಬಿಟ್ಟು ಹೆಚ್ಚುಕಮ್ಮಿ ದಿನಾ ನಾಟಕ ಇರುತ್ತದೆ.

ಇಲ್ಲಿನ ಮುಖ್ಯ ನಿಯಮ: ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಟಿಕೆಟ್ ಇರಲಿ, ದೂರದಿಂದ ಬಂದಿರಲಿ, ದೊಡ್ಡ ಮನುಷ್ಯರಿರಲಿ, ವಿನಾಯಿತಿ ಇಲ್ಲ. ನನಗೆ ಈ ಕಟ್ಟುನಿಟ್ಟು ಬಹಳ ಇಷ್ಟ. ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ಸೀಟು ಹುಡುಕುವವರು ಇಲ್ಲದ ನಾಟಕಶಾಲೆ ಎಷ್ಟು ನೆಮ್ಮದಿ ಅಲ್ವಾ? ಸಂಜೆಯ ಆಟ ಸಾಮಾನ್ಯವಾಗಿ 7:30ಕ್ಕೆ. ನೀವು 6:30ಕ್ಕೇ ಅಲ್ಲಿರಿ. ಮೆಟ್ರೋ ಇಳಿದ ಮೇಲೂ ಆಟೋ ಹಿಡಿಯಬೇಕು, ಆ ಸ್ವಲ್ಪ ದೂರಕ್ಕೇ ಅರ್ಧ ಗಂಟೆ ಹಿಡಿಯಬಹುದು. ಬೇಗ ಬಂದರೆ ನಷ್ಟವಿಲ್ಲ. ಒಳಗೇ ಪುಟ್ಟ ಕ್ಯಾಂಟೀನ್ ಇದೆ, ಸಾಬುದಾನಿ ವಡೆ ಹೆಸರುವಾಸಿ. ತೀರಾ ಚಿಕ್ಕ ಮಕ್ಕಳನ್ನು ಒಳಗೆ ಬಿಡುವುದಿಲ್ಲ, ಬುಕ್ ಮಾಡುವಾಗ ವಯಸ್ಸಿನ ಮಿತಿ ನೋಡಿ.

ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ 1963ರದ್ದು. ಹಿಂದೆ ಸಂಸ ಬಯಲು ರಂಗಮಂದಿರ, ಪಕ್ಕದಲ್ಲಿ ಕನ್ನಡ ಭವನದ ನಯನ ಸಭಾಂಗಣ. ಮೂರೂ ಒಂದೇ ಆವರಣದಂತೆ ಇವೆ. ಒಂದರಲ್ಲಿ ಟಿಕೆಟ್ ಸಿಗದಿದ್ದರೆ ಇನ್ನೊಂದರಲ್ಲಿ ಏನಿದೆ ಎಂದು ಇಣುಕಿ ನೋಡಬಹುದು. ಇಲ್ಲಿನ ಕಾರ್ಯಕ್ರಮಗಳಲ್ಲಿ ಉದ್ಘಾಟನೆ, ಸನ್ಮಾನ, ಭಾಷಣ ಇರುವುದುಂಟು. ಆಟ ಶುರುವಾಗುವ ಸಮಯ ಬೇರೆಯೇ ಇರುತ್ತದೆ, ಫೋನ್ ಮಾಡಿ ಕೇಳಿಕೊಳ್ಳಿ.

6. ಸಿನಿಮಾ

ಮಾಲಿನ ಮಲ್ಟಿಪ್ಲೆಕ್ಸ್ ನೋಡಲು ಬೆಂಗಳೂರಿಗೆ ಹೋಗಬೇಕಾಗಿಲ್ಲ, ಅದು ಶಿವಮೊಗ್ಗದಲ್ಲೂ ಸಿಗುತ್ತದೆ. ಬೆಂಗಳೂರಿನಲ್ಲಿ ನೋಡಬೇಕಾದದ್ದು ಎರಡು.

ಒಂದು, ದೊಡ್ಡ ನಟರ ಕನ್ನಡ ಸಿನಿಮಾ ಬಿಡುಗಡೆಯಾದ ದಿನ ಕೆಂಪೇಗೌಡ ರಸ್ತೆಯ ಮುಖ್ಯ ಚಿತ್ರಮಂದಿರ. ಚಿತ್ರತಂಡ ಒಂದು ಚಿತ್ರಮಂದಿರವನ್ನು ತನ್ನ ಮುಖ್ಯ ಜಾಗ ಎಂದು ಆರಿಸಿಕೊಳ್ಳುತ್ತದೆ. ಆಳೆತ್ತರ ಮೀರಿದ ಕಟೌಟ್, ಹೂವಿನ ಹಾರ, ಡೊಳ್ಳು, ಪಟಾಕಿ ಎಲ್ಲ ಅಲ್ಲೇ. ಈ ಸುತ್ತಮುತ್ತಲಿನ ಕಪಾಲಿ, ಸಾಗರ್‌ನಂಥ ಚಿತ್ರಮಂದಿರಗಳು ಈಗಾಗಲೇ ಹೋದವು. ಉಳಿದಿರುವವು ಇರುವಾಗಲೇ ಒಮ್ಮೆ ಅಲ್ಲಿ ಕೂತು ನೋಡಿ. ಆದರೆ ಮೊದಲ ಆಟಕ್ಕೆ ಹೋದರೆ ಡೈಲಾಗ್ ಕೇಳಿಸುವುದಿಲ್ಲ, ಬರೀ ಶಿಳ್ಳೆ. ಕಥೆಯೂ ಬೇಕು, ಗದ್ದಲವೂ ಬೇಕು ಅಂದರೆ ಅದೇ ದಿನದ ಎರಡನೇ ಅಥವಾ ಮೂರನೇ ಆಟ ಸರಿ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಬಾಲ್ಕನಿ ಟಿಕೆಟ್ಟೇ ತೆಗೆಯಿರಿ. ಲಾಲ್‌ಬಾಗ್ ಹತ್ತಿರದ ಊರ್ವಶಿ ಚಿತ್ರಮಂದಿರ ಒಳ್ಳೆಯ ಪರದೆ, ಒಳ್ಳೆಯ ಧ್ವನಿಗೆ ಹೆಸರಾಗಿದೆ.

ಎರಡು, ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವ. 2006ರಲ್ಲಿ ಶುರುವಾಯಿತು, ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಜನವರಿಯಿಂದ ಮಾರ್ಚ್ ಒಳಗೆ ನಡೆಯುತ್ತಿದೆ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ ದುಡ್ಡು ಕಟ್ಟಿದರೆ ಡೆಲಿಗೇಟ್ ಪಾಸ್ ಕೊಡುತ್ತಾರೆ, ಅಂದರೆ ಉತ್ಸವದ ಅಷ್ಟೂ ದಿನ ಯಾವ ಸಿನಿಮಾ ಬೇಕಾದರೂ ನೋಡುವ ಗುರುತಿನ ಚೀಟಿ. ವಿದ್ಯಾರ್ಥಿಗಳಿಗೆ, ಹಿರಿಯ ನಾಗರಿಕರಿಗೆ ಕಡಿಮೆ ಶುಲ್ಕ.

ಪಾಸ್ ಇದ್ದ ಮಾತ್ರಕ್ಕೆ ಸೀಟು ಸಿಗುವುದಿಲ್ಲ, ಮೊದಲು ಬಂದವರಿಗೆ ಮೊದಲು. ಹೆಸರು ಮಾಡಿದ ಸಿನಿಮಾಕ್ಕೆ ಒಂದು ಗಂಟೆ ಮುಂಚೆ ಸಾಲು ನಿಲ್ಲಬೇಕು. ದಿನಕ್ಕೆ ಮೂರು ಸಿನಿಮಾ ಸಾಕು. ಐದು ನೋಡಿದವರಿಗೆ ರಾತ್ರಿ ಯಾವ ಕಥೆ ಯಾವ ದೇಶದ್ದು ಎಂದೇ ನೆನಪಿರುವುದಿಲ್ಲ. ಕನ್ನಡ ಸ್ಪರ್ಧಾ ವಿಭಾಗದ ಚಿತ್ರಗಳನ್ನು ತಪ್ಪಿಸಬೇಡಿ. ಅವುಗಳಲ್ಲಿ ಹಲವು ಚಿತ್ರಮಂದಿರದ ಮುಖವನ್ನೇ ನೋಡುವುದಿಲ್ಲ.

ಸಬ್‌ಟೈಟಲ್, ಅಂದರೆ ಪರದೆಯ ಕೆಳಗಿನ ಬರಹ, ಇಂಗ್ಲಿಷಿನಲ್ಲಿರುತ್ತದೆ. "ನಮಗೆ ಅರ್ಥ ಆಗುತ್ತಾ?" ಎಂಬ ಹಿಂಜರಿಕೆ ಬೇಡ. ಹೆಗ್ಗೋಡಿನಲ್ಲಿ 1973ರಲ್ಲೇ ನೀನಾಸಂ ಚಿತ್ರಸಮಾಜ ಹುಟ್ಟಿ, ಹಳ್ಳಿಯ ಜನ ಜಗತ್ತಿನ ಸಿನಿಮಾ ನೋಡಿದ್ದಾರೆ. ಗಿರೀಶ್ ಕಾಸರವಳ್ಳಿ ನಮ್ಮ ತೀರ್ಥಹಳ್ಳಿ ತಾಲ್ಲೂಕಿನವರು. ಒಳ್ಳೆಯ ಸಿನಿಮಾ ನಮಗಲ್ಲ ಎಂದುಕೊಳ್ಳಲು ಕಾರಣವೇ ಇಲ್ಲ. ಉತ್ಸವದ ದಿನ ಹೊಂದದಿದ್ದರೆ ಬನಶಂಕರಿ ಎರಡನೇ ಹಂತದ ಸುಚಿತ್ರ ಫಿಲ್ಮ್ ಸೊಸೈಟಿ ಇದೆ, 1971ರದ್ದು. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನಲ್ಲೂ ಸಿನಿಮಾ, ಹಾಡು, ಮಾತುಕತೆ ಇರುತ್ತದೆ. ಅಲ್ಲಿ ಹೆಚ್ಚಿನವು ಉಚಿತ, ಮುಂಚೆ ಹೆಸರು ನೋಂದಾಯಿಸಿದರೆ ಆಯಿತು.

7. ಬಟ್ಟೆ, ಸೀರೆ, ಉಡುಗೆ

ಇದನ್ನು ಹಗಲು ಹೊತ್ತಿಗೆ, ವಾರದ ದಿನದಲ್ಲಿ ಇಟ್ಟುಕೊಳ್ಳಿ. ಚಿಕ್ಕಪೇಟೆ ಮೆಟ್ರೋದಲ್ಲಿ ಇಳಿದರೆ ಸೀರೆ ಅಂಗಡಿಗಳ ಸಂದಿಗಳಿಗೇ ಬರುತ್ತೀರಿ. ರಸ್ತೆಗೆ ಕಾಣುವ ದೊಡ್ಡ ಅಂಗಡಿಗಿಂತ ಒಳಸಂದಿಯ ಮಹಡಿ ಅಂಗಡಿಗಳಲ್ಲಿ ಬೆಲೆ ಇಳಿಯುತ್ತದೆ. "ಬನ್ನಿ ಅಕ್ಕ, ನಾನ್ ತೋರಿಸ್ತೀನಿ" ಎಂದು ಕರೆದೊಯ್ಯುವವರಿಗೆ ಅಂಗಡಿಯವರು ಕಮಿಷನ್ ಕೊಡುತ್ತಾರೆ, ಅದು ನಿಮ್ಮ ಬಿಲ್ಲಿಗೇ ಸೇರುತ್ತದೆ. ನೀವೇ ಹುಡುಕಿ ಹೋಗಿ.

ರೇಷ್ಮೆ ಎಂದು ದುಡ್ಡು ಕೊಡುವ ಮುಂಚೆ ಎರಡು ಪರೀಕ್ಷೆ ಮಾಡಿ. ಸೆರಗು ತಿರುಗಿಸಿ ಹಿಂಬದಿ ನೋಡಿ. ಕಸೂತಿಯಂತೆ ಕಾಣುವ ಬುಟ್ಟಾದ ಹಿಂದೆ ನೂಲು ಎಲ್ಲೆಂದರಲ್ಲಿ ಸಡಿಲವಾಗಿ ನೇತಾಡುತ್ತಿದ್ದರೆ ಉಂಗುರಕ್ಕೆ, ಬಳೆಗೆ ಸಿಕ್ಕಿ ಬೇಗ ಹರಿಯುತ್ತದೆ. ಆಮೇಲೆ ಅಂಗಡಿಯವರನ್ನೇ ಕೇಳಿ ಸೆರಗಿನ ತುದಿಯ ಒಂದು ಬಿಡಿ ಎಳೆ ಎಳೆಸಿ, ಹೊರಗೆ ಬಂದು ಬೆಂಕಿಕಡ್ಡಿಗೆ ಹಿಡಿಯಿರಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಒತ್ತಿದರೆ ಬೂದಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ, ತಣಿದ ಮೇಲೆ ಗಟ್ಟಿ ಮಣಿಯಾಗುತ್ತದೆ. ಎಳೆ ಕೊಡಲು ಒಪ್ಪದ ಅಂಗಡಿಯಲ್ಲಿ ದುಬಾರಿ ಸೀರೆ ಕೊಳ್ಳಬೇಡಿ. ಸಿಲ್ಕ್ ಮಾರ್ಕ್ ಚೀಟಿ ಇದೆಯೇ ನೋಡಿ, ಅದು ಅಪ್ಪಟ ರೇಷ್ಮೆ ಎಂಬುದಕ್ಕೆ ಕೊಡುವ ಗುರುತು.

ಮೈಸೂರು ಸಿಲ್ಕ್ ಬೇಕಾದರೆ ಪೇಟೆ ಸುತ್ತಬೇಡಿ. ನೇರ ಸರ್ಕಾರದ ಕೆಎಸ್‌ಐಸಿ ಮಳಿಗೆಗೆ ಹೋಗಿ. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆಯಲ್ಲೇ ನೇಯ್ದ ಸೀರೆ, ಜರಿಯಲ್ಲಿ ನಿಜವಾದ ಬೆಳ್ಳಿ, ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಬೇರೆ ಬೇರೆ ಸಂಖ್ಯೆ ಇರುತ್ತದೆ, ಬಿಲ್ಲಿನ ಜೊತೆ ಹೋಲಿಸಿ ನೋಡಿ. ಈಗ ಬೇಡಿಕೆ ಎಷ್ಟೆಂದರೆ ಮಳಿಗೆ ತೆರೆಯುವ ಮುಂಚೆಯೇ ಸಾಲು ನಿಲ್ಲುತ್ತಾರೆ. ಮದುವೆಗೆ ಬೇಕಿದ್ದರೆ ಕೊನೆ ವಾರಕ್ಕೆ ಬಿಡಬೇಡಿ.

ಕಮರ್ಷಿಯಲ್ ಸ್ಟ್ರೀಟ್, ಜಯನಗರ ನಾಲ್ಕನೇ ಬ್ಲಾಕ್, ಮಲ್ಲೇಶ್ವರ ಎಂಟನೇ ಕ್ರಾಸ್ ದಿನಬಳಕೆ ಬಟ್ಟೆಗೆ, ಬ್ಲೌಸ್ ಪೀಸಿಗೆ, ಓಲೆ ಬಳೆಗೆ ಒಳ್ಳೆಯವು. ಬೀದಿ ಬದಿಯಲ್ಲಿ ಚೌಕಾಸಿ ಮಾಡಿ, ಬೆಲೆ ಬರೆದಿರುವ ಅಂಗಡಿಯಲ್ಲಿ ಬೇಡ.

ನಾಟಕ, ಕಛೇರಿಗಳಲ್ಲಿ ಸುತ್ತ ಕೂತವರ ಉಡುಗೆ ಗಮನಿಸಿ. ಕೈಮಗ್ಗದ ಜುಬ್ಬಾ, ಹತ್ತಿ ಸೀರೆ ಬಹಳ ಕಾಣುತ್ತವೆ. ಅದೇ ಬಗೆಯ ಬಟ್ಟೆಯನ್ನು ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೇಯುತ್ತಾರೆ. ಅಡಿಕೆ ಬೇಯಿಸಿದ ನೀರಿನ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕುತ್ತಾರೆ. ಬೆಂಗಳೂರಿನಲ್ಲಿ "ದೇಸಿ" ಎಂಬ ಹೆಸರಿನ ಅಂಗಡಿಗಳಲ್ಲಿ ಮಾರಾಟವಾಗುವುದು ಇದೇ. ನೀವು ಅದನ್ನು ಊರಿನಲ್ಲೇ ಕೊಂಡು, ಉಟ್ಟುಕೊಂಡು ಹೋಗಿ. ಪಂಚೆ ಉಡುವ ಅಭ್ಯಾಸ ಇದ್ದರೆ ಪಂಚೆಯಲ್ಲೇ ಹೋಗಿ. 2024ರ ಜುಲೈನಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡದ ಮಾಲ್ ಒಂದನ್ನು ಸರ್ಕಾರವೇ ಏಳು ದಿನ ಮುಚ್ಚಿಸಿತು. ನಮ್ಮ ಉಡುಗೆಗೆ ನಾವು ಸಂಕೋಚ ಪಡಬೇಕಾಗಿಲ್ಲ.

8. ರಾತ್ರಿ

ಕುಟುಂಬದ ಜೊತೆ ಹೋದವರಿಗೆ ವಿ.ವಿ. ಪುರದ ತಿಂಡಿ ಬೀದಿ ಸಾಕು. ಚರ್ಚ್ ಸ್ಟ್ರೀಟ್‌ನಲ್ಲಿ ಪುಸ್ತಕದ ಅಂಗಡಿ, ಕಾಫಿ ಹೋಟೆಲು, ಬೀದಿಯಲ್ಲಿ ಗಿಟಾರ್ ನುಡಿಸುವ ಹುಡುಗರು, ಇವನ್ನು ನೋಡುತ್ತಾ ಸುಮ್ನೆ ನಡೆದರೂ ಸಂಜೆ ಚೆನ್ನಾಗಿ ಕಳೆಯುತ್ತದೆ.

ಪಬ್‌ಗೆ ಹೋಗುವ ಯುವಕ ಯುವತಿಯರು ಕೆಲವು ಪದ ತಿಳಿದಿರಿ. ಮೈಕ್ರೋಬ್ರೂವರಿ ಎಂದರೆ ಬಿಯರನ್ನು ಅಲ್ಲೇ ತಯಾರಿಸುವ ಜಾಗ. ಗಿಗ್ ಎಂದರೆ ಸಣ್ಣ ಜಾಗದ ಬ್ಯಾಂಡ್ ಕಾರ್ಯಕ್ರಮ. ಕವರ್ ಚಾರ್ಜ್ ಎಂದರೆ ಒಳಗೆ ಹೋಗಲು ಮುಂಗಡ ಕಟ್ಟುವ ದುಡ್ಡು, ಕೆಲವು ಕಡೆ ಅದನ್ನು ಊಟದ ಬಿಲ್ಲಿನಲ್ಲಿ ಕಳೆಯುತ್ತಾರೆ, ಕೆಲವು ಕಡೆ ಇಲ್ಲ. ಬಾಗಿಲಲ್ಲೇ ಕೇಳಿ. ಸ್ಟ್ಯಾಗ್ ಎಂದರೆ ಹೆಂಗಸರು ಜೊತೆಗಿಲ್ಲದ ಗಂಡಸರು. ವಾರಾಂತ್ಯ ಅಂಥವರನ್ನು ಬಿಡದ ಜಾಗಗಳಿವೆ. ಮೂರ್ನಾಲ್ಕು ಗೆಳೆಯರು ಶಿವಮೊಗ್ಗದಿಂದ ಹೋಗಿ ಬಾಗಿಲಲ್ಲಿ ವಾಪಸ್ ಬರುವುದು ಇದರಿಂದಲೇ. ಮೊದಲೇ ಫೋನ್ ಮಾಡಿ. 21 ತುಂಬಿದ್ದಕ್ಕೆ ಗುರುತಿನ ಚೀಟಿ ಕೇಳುತ್ತಾರೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಸೇರಿಸಿದ್ದರೆ ಅದು ಕಡ್ಡಾಯವಲ್ಲ, ತೆಗೆಯಿರಿ ಎಂದು ಹೇಳುವ ಹಕ್ಕು ನಿಮಗಿದೆ. ಜಿಎಸ್‌ಟಿ ಬೇರೆ, ಅದನ್ನು ಕೊಡಲೇಬೇಕು.

ರಾತ್ರಿ 1ಕ್ಕೆ ಎಲ್ಲ ಮುಚ್ಚುತ್ತದೆ. ಮೆಟ್ರೋ ಅದಕ್ಕೂ ಮುಂಚೆ, 11ರ ಸುಮಾರಿಗೇ ನಿಲ್ಲುತ್ತದೆ. ಬಹಳ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 12:30ಕ್ಕೆ ಎಲ್ಲರೂ ಒಟ್ಟಿಗೆ ಕ್ಯಾಬ್ ಹುಡುಕುವಾಗ ಬೆಲೆ ಏರಿರುತ್ತದೆ. ಹತ್ತೂವರೆಗೇ ಎದ್ದು ಮೆಟ್ರೋ ಹಿಡಿಯಿರಿ, ಇಲ್ಲವೇ ನಡೆದು ತಲುಪುವ ದೂರದಲ್ಲೇ ಕೊಠಡಿ ಮಾಡಿ.

ಕುಡಿದು ಗಾಡಿ ಮುಟ್ಟಲೇಬೇಡಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. "ಒಂದೇ ಒಂದು ಬಿಯರ್" ಎಂಬ ಮಾತು ಊದುವ ಯಂತ್ರದ ಮುಂದೆ ನಡೆಯುವುದಿಲ್ಲ.

ಒಬ್ಬರೇ ಓಡಾಡುವ ಹೆಣ್ಣುಮಕ್ಕಳಿಗೆ: ಮೆಟ್ರೋದ ಮೊದಲ ಬೋಗಿ ಮಹಿಳೆಯರಿಗೆ ಮೀಸಲು. ಕ್ಯಾಬ್ ಹತ್ತುವ ಮುಂಚೆ ನಂಬರ್ ಪ್ಲೇಟ್ ಹೋಲಿಸಿ, ಲೈವ್ ಲೊಕೇಶನ್ ಮನೆಯವರಿಗೆ ಕಳಿಸಿ. ತುರ್ತು ಕರೆಗೆ 112.

9. ವಾಪಸ್

ಎರಡನೇ ಸಂಜೆಯ ಕಾರ್ಯಕ್ರಮವನ್ನು ರೈಲಿನ ದಾರಿಯಲ್ಲೇ ಆರಿಸಿ. ತಾಳಗುಪ್ಪ ಕಡೆಯ ರಾತ್ರಿ ರೈಲು ಬೆಂಗಳೂರು ಬಿಡುವುದು 11ರ ಸುಮಾರಿಗೆ, ನಿಖರ ಸಮಯ ಟಿಕೆಟಿನಲ್ಲಿ ನೋಡಿ. ಚಾಮರಾಜಪೇಟೆ, ಬಸವನಗುಡಿ, ಜೆ.ಸಿ. ರಸ್ತೆಯ ಕಾರ್ಯಕ್ರಮಕ್ಕೆ ಹೋಗಿದ್ದರೆ ಒಂಬತ್ತೂವರೆವರೆಗೆ ಧೈರ್ಯವಾಗಿ ಕೂರಬಹುದು. ಜೆ.ಪಿ. ನಗರ, ಇಂದಿರಾನಗರವನ್ನು ಮೊದಲ ಸಂಜೆಗೆ ಇಟ್ಟುಕೊಳ್ಳಿ. ಬ್ಯಾಗ್ ಹೊತ್ತು ನಾಟಕಕ್ಕೆ ಹೋಗಬೇಡಿ, ಕ್ಲೋಕ್ ರೂಮಿನಲ್ಲೇ ಇರಲಿ. ಸೀರೆಯ ಚೀಲ ಮಾತ್ರ ಕೈಯಲ್ಲಿರಲಿ.

ಟಿಕೆಟಿನಲ್ಲಿ ಹತ್ತುವ ನಿಲ್ದಾಣ ಯಾವುದೆಂದು ಇನ್ನೊಮ್ಮೆ ಓದಿ. ಮೆಜೆಸ್ಟಿಕ್‌ನ ಮುಖ್ಯ ನಿಲ್ದಾಣ ಎಂದಿದ್ದು ನೀವು ಯಶವಂತಪುರದಲ್ಲಿ ಹತ್ತಲು ನಿಂತರೆ ನಿಮ್ಮ ಬರ್ತನ್ನು ಬೇರೆಯವರಿಗೆ ಕೊಟ್ಟಿರಬಹುದು. ನಿಲ್ದಾಣ ಬದಲಿಸಬೇಕಿದ್ದರೆ ಚಾರ್ಟ್ ತಯಾರಾಗುವ ಮುಂಚೆಯೇ ಆನ್‌ಲೈನ್‌ನಲ್ಲಿ ಬದಲಿಸಿ. ಶಿವಮೊಗ್ಗದವರು ಇಳಿಯುವುದು ನಸುಕಿನಲ್ಲಿ. ಭದ್ರಾವತಿ ದಾಟುವ ಹೊತ್ತಿಗೆ ಅಲಾರಂ ಇಟ್ಟುಕೊಂಡು ಮಲಗಿ.